ಮಧ್ಯಾಹ್ನ ಒಂದೂವರೆಗೆ ಬರುವ ಉಪಗ್ರಹಕ್ಕೆ ನಮ್ಮ ಗಾಳಿಯಲ್ಲಿ ಏನೇನು ಕಾಣುತ್ತೆ?

ಎಂಜಿನಿಯರಿಂಗ್ ಓದಿದವರಿಗೆ ಯಾವುದಾದರೊಂದು ತರಗತಿಯಲ್ಲಿ ಈ ಕತೆ ಕಿವಿಗೆ ಬಿದ್ದೇ ಇರುತ್ತೆ. ಅಂಟಾರ್ಕ್ಟಿಕಾ ಮೇಲೆ ಓಝೋನ್ ಪದರ ತೆಳುವಾಗುತ್ತಿದ್ದದ್ದು ನಾಸಾ ಉಪಗ್ರಹಕ್ಕೆ ಮೊದಲೇ ಕಂಡಿತ್ತಂತೆ. ಆದರೆ 'ಇಷ್ಟು ಕಡಿಮೆ ಇರೋಕೆ ಸಾಧ್ಯವೇ ಇಲ್ಲ' ಅಂತ ಕಂಪ್ಯೂಟರ್ ಪ್ರೋಗ್ರಾಂ ಆ ಅಂಕಿಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿತಂತೆ. ಕೊನೆಗೆ ಹಳೇ ಕಾಲದ ಉಪಕರಣ ಇಟ್ಟುಕೊಂಡಿದ್ದ ಮೂವರು ಬ್ರಿಟಿಷ್ ವಿಜ್ಞಾನಿಗಳು ಜಗತ್ತಿಗೆ ಸತ್ಯ ಹೇಳಿದರಂತೆ. ಡೇಟಾ ಪಾಠ ಮಾಡುವ ಮೇಷ್ಟ್ರುಗಳಿಗೆ ಇದು ಬಲು ಇಷ್ಟದ ಉದಾಹರಣೆ. ನನಗೂ ಹೀಗೇ ಹೇಳಿದ್ದರು.

ಕತೆ ಅರ್ಧ ಮಾತ್ರ ನಿಜ. ಉಳಿದರ್ಧ ಇದಕ್ಕಿಂತ ಸ್ವಾರಸ್ಯವಾಗಿದೆ, ಇವತ್ತಿನ ನಮ್ಮ ಜಗಳಗಳಿಗೆ ಹೆಚ್ಚು ಉಪಯೋಗಕ್ಕೂ ಬರುತ್ತೆ. ಯಾಕಂದ್ರೆ ಈಗ ಗಾಳಿಯ ವಿಚಾರದಲ್ಲಿ ಯಾರೇ ವಾದ ಮಾಡಲಿ, ಕೈಯಲ್ಲಿ ಒಂದು ಉಪಗ್ರಹದ ನಕ್ಷೆ ಹಿಡಿದೇ ಬರ್ತಾರೆ. ಪರಿಸರದ ಪರವಾಗಿ ಮಾತಾಡುವವರು ಕೆಂಪು ಬಳಿದ ನಕ್ಷೆ ತೋರಿಸ್ತಾರೆ. ಅತ್ತ ಕಡೆಯವರು 'ಇದೆಲ್ಲ ಉಪಗ್ರಹದ ಅಂದಾಜು, ನೆಲದ ಅಳತೆ ಬೇರೆಯೇ ಹೇಳುತ್ತೆ' ಅಂತಾರೆ. ಇಬ್ಬರಲ್ಲಿ ಯಾರನ್ನು ಎಷ್ಟು ನಂಬಬೇಕು ಅಂತ ತೀರ್ಮಾನ ಮಾಡಬೇಕಾದ್ರೆ, ಏಳೆಂಟುನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಯಂತ್ರವೊಂದು ಕಣ್ಣಿಗೆ ಕಾಣದ ಅನಿಲವನ್ನು ಅಳೆಯೋದು ಹೇಗೆ ಅಂತ ಮೊದಲು ತಿಳಿದಿರಬೇಕು.

ಡಿಕಾಕ್ಷನ್ ಲೋಟದ ಲೆಕ್ಕ

ಒಂದು ಗಾಜಿನ ಲೋಟದಲ್ಲಿ ಫಿಲ್ಟರ್ ಕಾಫಿಯ ಡಿಕಾಕ್ಷನ್ ಇದೆ ಅಂದ್ಕೊಳ್ಳಿ. ಲೋಟದ ತಳದಲ್ಲಿ ಒಂದು ಗುರುತು ಇದೆ. ಮೇಲಿಂದ ಇಣುಕಿ ನೋಡಿದರೆ ಆ ಗುರುತು ಎಷ್ಟು ಮಸುಕಾಗಿ ಕಾಣುತ್ತೆ ಅನ್ನೋದರ ಮೇಲೆ ನಡುವೆ ಒಟ್ಟು ಎಷ್ಟು ಡಿಕಾಕ್ಷನ್ ಇದೆ ಅಂತ ಹೇಳಬಹುದು. ಆದರೆ ಅದು ತಳದಲ್ಲಿ ಗಟ್ಟಿಯಾಗಿ ಕೂತಿದೆಯೋ, ಪೂರ್ತಿ ನೀರಿನಲ್ಲಿ ಬೆರೆತಿದೆಯೋ ಅಂತ ಹೇಳೋಕಾಗಲ್ಲ. ಈ ಎರಡನೇ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಕ್ಸ್‌ಫರ್ಡ್‌ನ ಡಾಬ್ಸನ್ 1920ರ ದಶಕದಲ್ಲಿ ಕಟ್ಟಿದ ಉಪಕರಣ ಮಾಡುತ್ತಿದ್ದದ್ದು ಇದನ್ನೇ, ಕೆಳಗಿಂದ. ಸೂರ್ಯನ ಬೆಳಕಿನಲ್ಲಿ ಅತಿನೇರಳೆ ಭಾಗದ ಎರಡು ಪಕ್ಕಪಕ್ಕದ ತರಂಗಾಂತರಗಳನ್ನು ಆರಿಸಿಕೊಳ್ಳಬೇಕು. ಒಂದನ್ನು ಓಝೋನ್ ಗಬಕ್ಕನೆ ನುಂಗುತ್ತೆ, ಇನ್ನೊಂದನ್ನು ಅಷ್ಟಾಗಿ ಮುಟ್ಟಲ್ಲ. ನೆಲಕ್ಕೆ ತಲುಪುವಷ್ಟರಲ್ಲಿ ಎರಡರ ಅನುಪಾತ ಎಷ್ಟು ಬದಲಾಗಿದೆ ನೋಡಿದರೆ ತಲೆಯ ಮೇಲೆ ಎಷ್ಟು ಓಝೋನ್ ಇದೆ ಅಂತ ಗೊತ್ತಾಗುತ್ತೆ. ಎರಡು ಬಣ್ಣಗಳನ್ನು ಹೋಲಿಸುವುದರಲ್ಲೇ ಜಾಣತನ ಇರೋದು. ಧೂಳು, ತೆಳು ಮೋಡ ಅಡ್ಡ ಬಂದರೆ ಎರಡೂ ಬಣ್ಣ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಮಂಕಾಗುತ್ತವೆ, ಹಾಗಾಗಿ ಅನುಪಾತ ಅಷ್ಟಾಗಿ ಕೆಡುವುದಿಲ್ಲ.

ಇವತ್ತಿಗೂ ಓಝೋನ್ ಅಳೆಯುವ ಮಾನಕ್ಕೆ ಡಾಬ್ಸನ್ ಹೆಸರೇ ಇದೆ. ನಿಮ್ಮ ತಲೆಯ ಮೇಲಿನ ಅಷ್ಟೂ ಓಝೋನನ್ನು ಸಮುದ್ರಮಟ್ಟದ ಒತ್ತಡಕ್ಕೆ, ಸೊನ್ನೆ ಡಿಗ್ರಿ ತಾಪಮಾನಕ್ಕೆ ತಂದು ಹಾಸಿದರೆ ಸುಮಾರು 3 ಮಿಲಿಮೀಟರ್ ದಪ್ಪದ ಪದರ ಆಗುತ್ತೆ. ಅದೇ 300 ಡಾಬ್ಸನ್. ಇಡೀ ವಾತಾವರಣವನ್ನು ಹೀಗೇ ಹಾಸಿದರೆ ಸುಮಾರು 8 ಕಿಲೋಮೀಟರ್. ಆ 8 ಕಿಲೋಮೀಟರಿನೊಳಗಿನ 3 ಮಿಲಿಮೀಟರ್ ನಮ್ಮ ಚರ್ಮವನ್ನು, ನಮ್ಮ ಬೆಳೆಯನ್ನು ಕಾಯ್ತಿರೋದು.

ಉಪಗ್ರಹ ಮಾಡೋದು ಇದರ ತಿರುಗುಮುರುಗು. ಅದು ಸೂರ್ಯನ ಕಡೆ ಮುಖ ಮಾಡುವ ಬದಲು ಕೆಳಗೆ ನೋಡುತ್ತೆ. ಸೂರ್ಯನ ಬೆಳಕು ವಾತಾವರಣದೊಳಗೆ ಇಳಿದು, ಗಾಳಿಯ ಕಣಗಳಿಗೆ, ಮೋಡಕ್ಕೆ, ನೆಲಕ್ಕೆ ಬಡಿದು ವಾಪಸ್ ಚೆದುರಿ ಮೇಲೆ ಬರುತ್ತಲ್ಲ, ಅದನ್ನು ಹಿಡಿಯುತ್ತೆ. 1978ರ ಅಕ್ಟೋಬರ್ 24ರಂದು ಹಾರಿದ ನಿಂಬಸ್-7 ಉಪಗ್ರಹದಲ್ಲಿ ಇಂಥ ಎರಡು ಸಾಧನಗಳಿದ್ದವು: ಟಾಮ್ಸ್ ಮತ್ತು ಎಸ್‌ಬಿಯುವಿ. ಟಾಮ್ಸ್ ದಿನಕ್ಕೆ ಸುಮಾರು 2 ಲಕ್ಷ ಕಡೆ ಓಝೋನ್ ಅಳೆಯುತ್ತಿತ್ತು. ನೆಲದ ಮೇಲಿದ್ದ ಎಲ್ಲ ಡಾಬ್ಸನ್ ಉಪಕರಣಗಳೂ ಸೇರಿ ವರ್ಷಗಟ್ಟಲೆ ಮಾಡಬೇಕಾದ ಕೆಲಸ ಅದು.

1984ರಲ್ಲಿ ನಿಜವಾಗಿ ಏನಾಯ್ತು

1985ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಜೋಸೆಫ್ ಫಾರ್ಮನ್, ಬ್ರಯಾನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ಅವರ ಪ್ರಬಂಧ ಬಂತು. ಅಂಟಾರ್ಕ್ಟಿಕಾದ ಹ್ಯಾಲಿ ಬೇ ಕೇಂದ್ರದಲ್ಲಿ 1960ರ ದಶಕದಲ್ಲಿ ಅಕ್ಟೋಬರ್ ತಿಂಗಳ ಸರಾಸರಿ ಓಝೋನ್ 300 ಡಾಬ್ಸನ್ ಆಸುಪಾಸು ಇತ್ತು. 1984ರ ಹೊತ್ತಿಗೆ 200ಕ್ಕಿಂತ ಕೆಳಗೆ ಬಂದಿತ್ತು. ಜಗತ್ತು ಬೆಚ್ಚಿಬಿತ್ತು. 'ಹಾಗಾದ್ರೆ ಆರು ವರ್ಷದಿಂದ ಸುತ್ತುತ್ತಿದ್ದ ಉಪಗ್ರಹ ಏನು ಮಾಡ್ತಿತ್ತು?' ಅನ್ನುವ ಪ್ರಶ್ನೆ ಸಹಜವಾಗಿ ಎದ್ದಿತು. ಅಲ್ಲಿಂದಲೇ 'ಕಸದ ಬುಟ್ಟಿ' ಕತೆ ಹುಟ್ಟಿದ್ದು.

ಟಾಮ್ಸ್‌ನ ಪ್ರೋಗ್ರಾಂನಲ್ಲಿ 180 ಡಾಬ್ಸನ್‌ಗಿಂತ ಕಡಿಮೆ ಬಂದ ಅಂಕಿಗೆ 'ಅನುಮಾನಾಸ್ಪದ' ಅಂತ ಗುರುತು ಹಾಕುವ ನಿಯಮ ಇದ್ದದ್ದು ನಿಜ. ಅಲ್ಲಿಯವರೆಗೆ ಯಾರೂ ಅಷ್ಟು ಕಡಿಮೆ ಓಝೋನ್ ಕಂಡಿರಲಿಲ್ಲ, ಹಾಗಾಗಿ ಆ ಮಿತಿ ತಪ್ಪೇನಲ್ಲ. ಆದರೆ ಗುರುತು ಹಾಕುವುದು ಬೇರೆ, ಬಿಸಾಡುವುದು ಬೇರೆ. 1983ರ ಅಕ್ಟೋಬರ್ ಮಾಹಿತಿಯನ್ನು 1984ರಲ್ಲಿ ಸಂಸ್ಕರಿಸುವಾಗ ಅಂಟಾರ್ಕ್ಟಿಕಾ ಮೇಲೆ ಇಂಥ ಗುರುತುಗಳು ಗುಂಪುಗುಂಪಾಗಿ ಬಂದಿರುವುದನ್ನು ನಾಸಾದ ತಂಡ ನೋಡಿತು. ಆ ತಂಡದ ಮುಖ್ಯರಲ್ಲಿ ಒಬ್ಬರು ಭಾರತ ಮೂಲದ ಪಿ.ಕೆ. ಭಾರ್ತಿಯಾ. ಸಾಧನ ಕೆಟ್ಟಿದೆಯೋ, ಆಕಾಶ ಕೆಟ್ಟಿದೆಯೋ? ಪರೀಕ್ಷಿಸಲು ಅವರು ನೆಲದ ಅಳತೆಯ ಮೊರೆ ಹೋದರು. ದಕ್ಷಿಣ ಧ್ರುವದ ಅಮುಂಡ್ಸನ್-ಸ್ಕಾಟ್ ಕೇಂದ್ರದ ಡಾಬ್ಸನ್ ಉಪಕರಣ ಏನು ಹೇಳುತ್ತೆ ನೋಡಿದರು. ಅದು ಹೇಳಿದ್ದು ಸುಮಾರು 300. ಎಲ್ಲ ಸರಿಯಾಗಿದೆ ಅಂತ!

ಆಮೇಲೆ ಗೊತ್ತಾಯ್ತು, ತಪ್ಪು ಹೇಳುತ್ತಿದ್ದದ್ದು ಆ ನೆಲದ ಅಂಕಿಯೇ. ಅಂದ್ರೆ ಉಪಗ್ರಹ ಸರಿಯಾಗೇ ನೋಡಿತ್ತು, ಅದನ್ನು ಒರೆಗೆ ಹಚ್ಚಲು ಇಟ್ಟುಕೊಂಡ ಕಲ್ಲೇ ಸರಿ ಇರಲಿಲ್ಲ. ನಾಸಾ ತಂಡ 1984ರ ಕೊನೆಯಲ್ಲೇ ಸಮ್ಮೇಳನವೊಂದಕ್ಕೆ ತನ್ನ ಸಾರಾಂಶ ಕಳಿಸಿತ್ತು. ಆ ಸಮ್ಮೇಳನ ಪ್ರಾಗ್‌ನಲ್ಲಿ ನಡೆದದ್ದು 1985ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಫಾರ್ಮನ್ ಪ್ರಬಂಧ ಬಂದು ಮೂರು ತಿಂಗಳಾಗಿತ್ತು. ಪಾಪ, ಇನ್ನೊಬ್ಬರ ಹೆಸರನ್ನೂ ಹೇಳಬೇಕು: ಜಪಾನಿನ ಶಿಗೆರು ಚುಬಾಚಿ. ಸ್ಯೋವಾ ಕೇಂದ್ರದಲ್ಲಿ 1982ರಲ್ಲಿ ತಾವು ಕಂಡ ಅಸಹಜ ಇಳಿಕೆಯನ್ನು 1984ರಲ್ಲೇ ಗ್ರೀಸ್‌ನ ಸಮ್ಮೇಳನದಲ್ಲಿ ಮಂಡಿಸಿದ್ದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಫಾರ್ಮನ್ ತಂಡದ್ದು ಒಂದು ಜಾಗದ ಅಳತೆ. ಅದು ಹ್ಯಾಲಿ ಬೇಯ ಸ್ಥಳೀಯ ವಿಚಿತ್ರವೋ, ಇಡೀ ಖಂಡದ ಕತೆಯೋ ಅಂತ ಹೇಳಿದ್ದು ಉಪಗ್ರಹ. 1986ರಲ್ಲಿ ಬಂದ ಟಾಮ್ಸ್ ವಿಶ್ಲೇಷಣೆ ಇಡೀ ಅಂಟಾರ್ಕ್ಟಿಕಾ ಮೇಲೆ ಹರಡಿದ್ದ ಕುಸಿತವನ್ನು ತೋರಿಸಿತು. ಆ ನೀಲಿ-ನೇರಳೆ ಚಿತ್ರ ಟಿವಿಯಲ್ಲಿ ಬಂದ ಮೇಲೇ 'ಓಝೋನ್ ರಂಧ್ರ' ಜನರ ಬಾಯಿಗೆ ಬಂದಿದ್ದು. 1987ರ ಸೆಪ್ಟೆಂಬರ್ 16ಕ್ಕೆ ಮಾಂಟ್ರಿಯಲ್ ಒಪ್ಪಂದ ಆಯ್ತು.

ಇದೇ ನಿಂಬಸ್-7ರಿಂದ ಇದಕ್ಕೆ ಉಲ್ಟಾ ಕತೆಯೂ ಇದೆ, ಅದನ್ನು ಯಾವ ಮೇಷ್ಟ್ರೂ ಹೇಳಲ್ಲ. ಪಕ್ಕದಲ್ಲಿದ್ದ ಎಸ್‌ಬಿಯುವಿ ಸಾಧನದ ಅಂಕಿಗಳು ಜಗತ್ತಿನಾದ್ಯಂತ ಓಝೋನ್ ಭಾರೀ ವೇಗದಲ್ಲಿ ಇಳಿಯುತ್ತಿದೆ ಅಂತ ತೋರಿಸುತ್ತಿದ್ದವು. 1988ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಕೂತು ನೋಡಿದಾಗ ಆ ಇಳಿಕೆಯಲ್ಲಿ ದೊಡ್ಡ ಪಾಲು ಸುಳ್ಳು ಅಂತ ಗೊತ್ತಾಯ್ತು. ಇಂಥ ಸಾಧನಗಳು ಆಗಾಗ ನೇರ ಸೂರ್ಯನನ್ನು ನೋಡಿ ತಮ್ಮ ಲೆಕ್ಕ ಸರಿಮಾಡಿಕೊಳ್ಳುತ್ತವೆ. ಅದಕ್ಕಾಗಿ ಮುಂದೆ ಇಟ್ಟಿದ್ದ ಫಲಕ ಬಿಸಿಲು ತಿಂದು ತಿಂದು ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಿತ್ತು. ಅದಕ್ಕೆ ಕೊಟ್ಟ ತಿದ್ದುಪಡಿ ಸಾಲದೆ, ಇಲ್ಲದ ಇಳಿಕೆ ಕಂಡಿತ್ತು. ಈ ಸಲ ಹಳಿಗೆ ತಂದದ್ದು ನೆಲದ ಡಾಬ್ಸನ್ ಜಾಲ. ನಿಜವಾದ ಇಳಿಕೆಯೂ ಇತ್ತು, ಅಷ್ಟು ಭಯಂಕರವಾಗಿರಲಿಲ್ಲ ಅಷ್ಟೇ.

ಒಮ್ಮೆ ನೆಲದ ಅಳತೆ ತಪ್ಪಿತು, ಒಮ್ಮೆ ಆಕಾಶದ್ದು. ಯಾರನ್ನೂ ಒಬ್ಬರನ್ನೇ ಬಿಟ್ಟರೆ ಆಗಲ್ಲ ಅನ್ನೋದು ಈ ವಿಜ್ಞಾನದ ದಿನನಿತ್ಯದ ಅನುಭವ. ನಮ್ಮಲ್ಲಿ ತೊಂದರೆ ಇರೋದು ಇಲ್ಲೇ: ಭಾರತದಲ್ಲಿ ಉಪಗ್ರಹದ ನಕ್ಷೆಯನ್ನು ಒರೆಗೆ ಹಚ್ಚಿ ನೋಡುವಂಥ ನೆಲದ ಉಪಕರಣಗಳು ಬೆರಳೆಣಿಕೆಯಷ್ಟಿವೆ. ಮೊಹಾಲಿಯ ಐಸರ್‌ನಲ್ಲಿ ಒಂದಿದೆ, ಅದನ್ನಿಟ್ಟುಕೊಂಡು ಒಳ್ಳೆಯ ಕೆಲಸ ಆಗಿದೆ. ರಾಜ್ಯ ಮಂಡಳಿಗಳು ನಗರಗಳಲ್ಲಿ ಇಟ್ಟಿರುವ ಡಬ್ಬಿಗಳು ಮೂಗಿನ ಮಟ್ಟದ ಗಾಳಿಯನ್ನು ಅಳೆಯುತ್ತವೆ, ಉಪಗ್ರಹ ನೋಡುವ ಪೂರ್ತಿ ಕಂಬವನ್ನಲ್ಲ.

ನಾಲ್ಕು ಮೈಕ್ರಾನಿನ ಬೇಟೆ

ಓಝೋನ್ ಅಳೆಯೋದು ಈ ಕ್ಷೇತ್ರದ ಸುಲಭದ ಕೆಲಸ. ವಾಹನ, ಕಾರ್ಖಾನೆ, ವಿದ್ಯುತ್ ಸ್ಥಾವರ ಉಗುಳುವ ನೈಟ್ರೋಜನ್ ಡೈಆಕ್ಸೈಡ್ ನೋಡಿ. ಮಲಿನ ಮಹಾನಗರವೊಂದರ ಮೇಲಿನ ಅಷ್ಟೂ ನೈಟ್ರೋಜನ್ ಡೈಆಕ್ಸೈಡನ್ನು ಓಝೋನಿನ ಹಾಗೆ ಹಾಸಿದರೆ ದಪ್ಪ ಸುಮಾರು 4 ಮೈಕ್ರಾನ್. ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗವೂ ಇಲ್ಲ. ಇದನ್ನು ಅಷ್ಟೆತ್ತರದಿಂದ ನೋಡಬೇಕು.

ಇಲ್ಲಿ ಎರಡು ತರಂಗಾಂತರ ಸಾಲದು, ನೂರಾರು ಬೇಕು. ಪ್ರತಿ ಅನಿಲವೂ ಬೆಳಕಿನ ಕೆಲವು ಸಣ್ಣ ಸಣ್ಣ ಗೆರೆಗಳನ್ನು ಹೆಚ್ಚು ನುಂಗುತ್ತೆ, ಕೆಲವನ್ನು ಬಿಡುತ್ತೆ. ಬೆರಳಚ್ಚಿನ ಥರ. ನೈಟ್ರೋಜನ್ ಡೈಆಕ್ಸೈಡಿನ ಬೆರಳಚ್ಚು ನೀಲಿ ಬೆಳಕಿನಲ್ಲಿದೆ, 405ರಿಂದ 465 ನ್ಯಾನೋಮೀಟರ್ ಆಸುಪಾಸು. ನೀಲಿಯನ್ನು ನುಂಗುವುದರಿಂದಲೇ ಅದು ಕಂದು ಬಣ್ಣದ್ದಾಗಿ ಕಾಣೋದು. ಸಲ್ಫರ್ ಡೈಆಕ್ಸೈಡಿನದು ಅತಿನೇರಳೆಯಲ್ಲಿ, ಮಿಥೇನ್ ಮತ್ತು ಕಾರ್ಬನ್ ಮಾನಾಕ್ಸೈಡಿನದು ಅವಕೆಂಪಿನಲ್ಲಿ. ವಾಪಸ್ ಬಂದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ, ನಿಧಾನಕ್ಕೆ ಏರಿಳಿಯುವ ಭಾಗವನ್ನೆಲ್ಲ ಧೂಳು, ನೆಲ, ಮೋಡದ ಖಾತೆಗೆ ಹಾಕಿ, ಉಳಿದ ಹಲ್ಲುಹಲ್ಲಾದ ಗೆರೆಗಳನ್ನು ಬೆರಳಚ್ಚುಗಳ ಜೊತೆ ಹೊಂದಿಸುತ್ತಾರೆ. 1995ರಲ್ಲಿ ಯುರೋಪ್ ಹಾರಿಸಿದ ಗೋಮ್ ಸಾಧನದಿಂದ ಇದು ದಿನನಿತ್ಯದ ಕೆಲಸವಾಯಿತು. 2004ರಲ್ಲಿ ನಾಸಾದ ಔರಾ ಉಪಗ್ರಹದ ಮೇಲೆ ಡಚ್-ಫಿನ್ನಿಶ್ ಸಾಧನ ಓಮಿ ಹೋಯಿತು. 2017ರ ಅಕ್ಟೋಬರ್ 13ರಂದು ಸೆಂಟಿನೆಲ್-5ಪಿ ಉಪಗ್ರಹದಲ್ಲಿ ಟ್ರೊಪೋಮಿ. ಓಮಿಯ ಒಂದು ಚೌಕ ಕನಿಷ್ಠ 13 ಕಿ.ಮೀ ಅಗಲ, 24 ಕಿ.ಮೀ ಉದ್ದ ಇತ್ತು. ಟ್ರೊಪೋಮಿಯದ್ದು 2019ರ ಆಗಸ್ಟ್‌ನಿಂದ 5.5 ಕಿ.ಮೀಗೆ 3.5 ಕಿ.ಮೀ. ಬೆಂಗಳೂರು ಈಗ ಒಂದು ಚುಕ್ಕೆಯಾಗಿ ಉಳಿದಿಲ್ಲ. ಒಳಗಿನ ಏರುಪೇರೂ ಕಾಣುತ್ತೆ.

ಈಗ ಡಿಕಾಕ್ಷನ್ ಲೋಟಕ್ಕೆ ವಾಪಸ್ ಬನ್ನಿ. ಉಪಗ್ರಹಕ್ಕೆ ಸಿಗೋದು ಒಟ್ಟು ಮೊತ್ತ. ಅದರಲ್ಲಿ ಮೇಲಿನ ಸ್ತರಗೋಳದ ಪಾಲು ಕಳೆಯಬೇಕು. ಬೆಳಕು ಓರೆಯಾಗಿ ಬಂದಿರುತ್ತೆ, ಅದನ್ನು ನೇರ ಕಂಬಕ್ಕೆ ತಿರುಗಿಸಬೇಕು. ಆಮೇಲೆ ದೊಡ್ಡ ತಲೆನೋವು: ನೆಲದ ಹತ್ತಿರದ ಗಾಳಿ ಉಪಗ್ರಹಕ್ಕೆ ಸರಿಯಾಗಿ ಕಾಣಲ್ಲ, ಯಾಕಂದ್ರೆ ಎಷ್ಟೋ ಬೆಳಕು ಅಲ್ಲಿಗೆ ಇಳಿಯುವ ಮೊದಲೇ ಚೆದುರಿ ವಾಪಸ್ ಬಂದಿರುತ್ತೆ. ಹಾಗಾಗಿ ಅನಿಲ ಯಾವ ಎತ್ತರದಲ್ಲಿ ಎಷ್ಟಿದೆ ಅಂತ ಕಂಪ್ಯೂಟರ್ ಮಾದರಿಯಿಂದ ಊಹಿಸಿ ತಿದ್ದುಪಡಿ ಕೊಡ್ತಾರೆ. ಆ ಮಾದರಿಯ ಚೌಕಗಳು ನೂರು ಕಿಲೋಮೀಟರಿನಷ್ಟು ಒರಟಾಗಿದ್ದರೆ ನಗರದ ಹೊಗೆಯನ್ನು ಅದು ಹಳ್ಳಿಯ ಗಾಳಿಯ ಜೊತೆ ಕಲಸಿಬಿಡುತ್ತೆ. ಪರಿಣಾಮ, ತೀರಾ ಮಲಿನವಾದ ಜಾಗಗಳಲ್ಲಿ ಟ್ರೊಪೋಮಿಯ ಮೊದಲ ವರ್ಷಗಳ ನೈಟ್ರೋಜನ್ ಡೈಆಕ್ಸೈಡ್ ಅಂಕಿಗಳು ನೆಲದ ಉಪಕರಣಗಳಿಗಿಂತ ಸುಮಾರು ಅರ್ಧದಷ್ಟು ಕಡಿಮೆ ಇದ್ದವು. ನಂತರದ ಆವೃತ್ತಿಗಳಲ್ಲಿ ಲೆಕ್ಕಾಚಾರ ಸುಧಾರಿಸಿದ್ದಾರೆ. 'ಉಪಗ್ರಹ ಉತ್ಪ್ರೇಕ್ಷೆ ಮಾಡುತ್ತೆ' ಅನ್ನುವವರು ಇದನ್ನು ಎರಡು ಸಲ ಓದಬೇಕು. ತಪ್ಪಾದದ್ದು ಕಡಿಮೆ ತೋರಿಸುವ ಕಡೆಗೆ.

ಇನ್ನೊಂದಿದೆ, ಗಡಿಯಾರ. ಟ್ರೊಪೋಮಿ ಎಲ್ಲ ಊರಿನ ಮೇಲೂ ಸ್ಥಳೀಯ ಸಮಯ ಮಧ್ಯಾಹ್ನ ಒಂದೂವರೆ ಸುಮಾರಿಗೆ ಬರುತ್ತೆ. ಬೆಂಗಳೂರಿನ ಬೆಳಗಿನ ಒಂಬತ್ತರ ಸಿಲ್ಕ್ ಬೋರ್ಡ್ ಅದಕ್ಕೆ ಗೊತ್ತೇ ಇಲ್ಲ, ಸಂಜೆ ಏಳರ ಹೆಬ್ಬಾಳವೂ ಗೊತ್ತಿಲ್ಲ. ನಡು ಮಧ್ಯಾಹ್ನದ ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆಯುತ್ತಿರುವ, ಆ ಅನಿಲದ ಜೀವಿತಾವಧಿ ಅತಿ ಕಡಿಮೆ ಇರುವ ಹೊತ್ತಿಗೆ ಅದು ಬಂದು ಹೋಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿ, ಮಲೆನಾಡಿನ ಮೇಲೆ ಮೋಡ ಮುಚ್ಚಿದ್ದರೆ ಅಷ್ಟೂ ಇಲ್ಲ. 'ವಾರ್ಷಿಕ ಸರಾಸರಿ' ಅಂತ ನಕ್ಷೆ ನೋಡಿದಾಗ ಅದರಲ್ಲಿ ಮಳೆಗಾಲದ ಎಷ್ಟು ದಿನ ಸೇರಿದೆ ಅಂತ ಕೇಳಿ.

ಒಂದೇ ಹೊತ್ತಿಗೆ ನೋಡುವುದರಿಂದ ಏನು ತಪ್ಪಿಹೋಗಬಹುದು ಅನ್ನೋದು 2024ರಲ್ಲಿ ಪಂಜಾಬ್ ಕೂಳೆ ಬೆಂಕಿಯ ವಿಷಯದಲ್ಲಿ ಸುದ್ದಿಯಾಯ್ತು. ಅದು ಅನಿಲದ ಅಳತೆಯಲ್ಲ, ಬೆಂಕಿಯದ್ದು, ಆದರೆ ತರ್ಕ ಒಂದೇ. ಅಧಿಕೃತ ಲೆಕ್ಕದಲ್ಲಿ ಬೆಂಕಿ ಇಳಿದಿತ್ತು. ದಿನಪೂರ್ತಿ ಒಂದೇ ಕಡೆ ನೋಡುವ ದಕ್ಷಿಣ ಕೊರಿಯಾದ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು ಇಟ್ಟುಕೊಂಡು ನಾಸಾದ ವಿಜ್ಞಾನಿ ಹಿರೇನ್ ಜೇತ್ವಾ, ಬೆಂಕಿಗಳು ಮಧ್ಯಾಹ್ನದ ಉಪಗ್ರಹ ಹೋದ ಮೇಲಿನ ಹೊತ್ತಿಗೆ ಸರಿದಿರುವಂತೆ ಕಾಣುತ್ತೆ ಅಂತ ತೋರಿಸಿದರು.

ನಕ್ಷೆಯ ಬಣ್ಣದ ಬಗ್ಗೆ ನಮ್ಮ ಕಡೆಯವರಿಗೂ ಒಂದು ಮಾತು. ಕೆಂಪು ಅಂದ್ರೆ 'ಅಪಾಯ' ಅಂತ ಉಪಗ್ರಹ ಹೇಳಿರಲ್ಲ. ಯಾವ ಅಂಕಿಗೆ ಕೆಂಪು ಕೊಡಬೇಕು ಅಂತ ನಕ್ಷೆ ಮಾಡಿದವರು ಆರಿಸಿರ್ತಾರೆ. ಕೆಳಗಿನ ಬಣ್ಣದ ಪಟ್ಟಿ ಕತ್ತರಿಸಿ ಇನ್‌ಸ್ಟಾಗ್ರಾಂಗೆ ಹಾಕಿದ ನಕ್ಷೆಗೆ ಕಿಮ್ಮತ್ತಿಲ್ಲ.

ಗಂಧಕದ ಲೆಕ್ಕ

ಇಷ್ಟೆಲ್ಲ ಮಿತಿ ಇದ್ದರೂ ಉಪಗ್ರಹಕ್ಕೆ ಒಂದು ಗುಣ ಇದೆ: ಅದು ಯಾರ ಅನುಮತಿಯನ್ನೂ ಕೇಳಲ್ಲ. 2016ರಲ್ಲಿ ಓಮಿ ಮಾಹಿತಿಯನ್ನು ಜಾಲಾಡಿದ ವಿಜ್ಞಾನಿಗಳಿಗೆ ಸಲ್ಫರ್ ಡೈಆಕ್ಸೈಡ್ ಉಗುಳುವ ಸುಮಾರು 40 ದೊಡ್ಡ ಮೂಲಗಳು ಸಿಕ್ಕವು, ಅವು ಮುಖ್ಯ ದಾಖಲೆಗಳಲ್ಲಿ ಇರಲೇ ಇಲ್ಲ. ಬಹಳಷ್ಟು ಪಶ್ಚಿಮ ಏಷ್ಯಾದ ತೈಲ ಘಟಕಗಳು. 2017ರಲ್ಲಿ ಬಂದ ಇನ್ನೊಂದು ಪ್ರಬಂಧ ನಮಗೇ ಸಂಬಂಧಪಟ್ಟದ್ದು: 2007ರಿಂದೀಚೆಗೆ ಚೀನಾದ ಸಲ್ಫರ್ ಡೈಆಕ್ಸೈಡ್ ಶೇ. 75ರಷ್ಟು ಇಳಿದಿದೆ, ಭಾರತದ್ದು ಶೇ. 50ರಷ್ಟು ಏರಿದೆ, ಭಾರತ ಚೀನಾವನ್ನು ಹಿಂದೆ ಹಾಕುತ್ತಿದೆ. ಚೀನಾ ಕಲ್ಲಿದ್ದಲು ಸುಡುವುದನ್ನು ನಿಲ್ಲಿಸಿರಲಿಲ್ಲ. ಚಿಮಣಿಗಳಿಗೆ ಗಂಧಕ ತೊಳೆಯುವ ಘಟಕ ಹಾಕಿತ್ತು.

ಅದೇ ಘಟಕ, ಎಫ್‌ಜಿಡಿ ಅಂತಾರಲ್ಲ, ಅದನ್ನು ಹಾಕುವಂತೆ ಮಾಡುವ ಮಾನದಂಡ ಭಾರತದಲ್ಲೂ 2015ರ ಡಿಸೆಂಬರ್‌ನಲ್ಲಿ ಬಂತು. ಗಡುವು 2017. ಆಮೇಲೆ ಮುಂದೂಡಿಕೆ ಮೇಲೆ ಮುಂದೂಡಿಕೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿ ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ಘಟಕಗಳಿಗೆ ವಿನಾಯಿತಿಯನ್ನೇ ಕೊಟ್ಟಿತು. ರಾಜಧಾನಿ ವಲಯದ, ಹತ್ತು ಲಕ್ಷ ಮೀರಿದ ನಗರಗಳ 10 ಕಿ.ಮೀ ಒಳಗಿನ ಸ್ಥಾವರಗಳಿಗೆ ಮಾತ್ರ ಖಡಾಖಂಡಿತ ಗಡುವು ಉಳಿಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ನೆಲಮಟ್ಟದ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ, ಘಟಕ ಹಾಕಿದರೆ ಕರೆಂಟ್ ತುಟ್ಟಿಯಾಗುತ್ತೆ ಅನ್ನೋದು ಸಮರ್ಥನೆ. ಐಐಟಿ ದೆಹಲಿ, ನೀರಿ, ನಮ್ಮ ಬೆಂಗಳೂರಿನ ನಿಯಾಸ್ ಅಧ್ಯಯನಗಳನ್ನೂ ಮುಂದಿಟ್ಟರು.

ಇದರಲ್ಲಿ ಗಂಧಕ ಕಡಿಮೆ ಅನ್ನೋದು ನಿಜ. ನೆಲಮಟ್ಟದ ಅಂಕಿಯೂ ನಿಜವಿರಬಹುದು. ಆದರೆ ಇಲ್ಲಿ ಅಳತೆಯ ಒಂದು ಚಾಲಾಕಿ ಇದೆ, ಅದು ಲೋಟದ ಉದಾಹರಣೆಯಿಂದಲೇ ಅರ್ಥವಾಗುತ್ತೆ. ವಿನಾಯಿತಿ ಸಿಕ್ಕ ಸ್ಥಾವರಗಳಿಗೆ ಇರುವ ಷರತ್ತು ಚಿಮಣಿಯ ಎತ್ತರ. ಎತ್ತರದ ಚಿಮಣಿ ಗಂಧಕವನ್ನು ಕಡಿಮೆ ಮಾಡಲ್ಲ, ದೂರ ಕಳಿಸುತ್ತೆ. ಸ್ಥಾವರದ ಬೇಲಿಯ ಪಕ್ಕದ ಡಬ್ಬಿಗೆ ಸಿಗೋದು ಕಡಿಮೆಯೇ. ಆ ಅನಿಲ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗ್ತಾ ಸಲ್ಫೇಟ್ ಕಣವಾಗುತ್ತೆ. ನಾವು ಪಿಎಂ 2.5 ಅಂತ ಲೆಕ್ಕ ಹಾಕುವ ಸಣ್ಣ ದೂಳಿನಲ್ಲಿ ಸೇರಿ ಇನ್ಯಾರದೋ ಶ್ವಾಸಕೋಶಕ್ಕೆ ಇಳಿಯುತ್ತೆ. ನೆಲದ ಡಬ್ಬಿ ಮೂಗಿನ ಮಟ್ಟವನ್ನು ಮಾತ್ರ ನೋಡಿ 'ಪರವಾಗಿಲ್ಲ' ಅನ್ನುತ್ತೆ. ಉಪಗ್ರಹ ಇಡೀ ಕಂಬವನ್ನು ನೋಡುತ್ತೆ, ಅದಕ್ಕೆ ಚಿಮಣಿ 150 ಮೀಟರ್ ಆದರೂ 275 ಮೀಟರ್ ಆದರೂ ಒಟ್ಟು ಗಂಧಕ ಅಷ್ಟೇ. ಎರಡೂ ಸತ್ಯ ಹೇಳ್ತಿವೆ. ಯಾವ ಪ್ರಶ್ನೆಗೆ ಅನ್ನೋದೇ ರಾಜಕೀಯ.

ಕರ್ನಾಟಕಕ್ಕೆ ಬನ್ನಿ. ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಯರಮರಸ್ 1,600. ರಾಯಚೂರು ತಾಲ್ಲೂಕೊಂದರಲ್ಲೇ 3,320 ಮೆಗಾವ್ಯಾಟ್ ಕಲ್ಲಿದ್ದಲು ಸಾಮರ್ಥ್ಯ. ಕೂಡಗಿಯಲ್ಲಿ 2,400, ಬಳ್ಳಾರಿಯಲ್ಲಿ 1,700. ಇನ್ನು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರೋದು ನಾಲ್ಕು ನಗರ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ರಾಯಚೂರಿಲ್ಲ, ಬಳ್ಳಾರಿಯಿಲ್ಲ. ಅಲ್ಲಿನ ಕಲ್ಲಿದ್ದಲಿನ ಕರೆಂಟು ಬೆಂಗಳೂರಿನ ಎಸಿಗೆ ಬರುತ್ತೆ, ಗಾಳಿ ಸರಿಮಾಡುವ ದುಡ್ಡೂ ಬೆಂಗಳೂರಿಗೇ ಬರುತ್ತೆ.

ಹಾಗಂತ ರಾಯಚೂರಿನ ಯಾವ ಘಟಕ ಯಾವ ದಿನ ನಿಯಮ ಮುರಿಯಿತು ಅಂತ ಉಪಗ್ರಹ ಹೇಳುತ್ತೆ ಅಂದ್ಕೊಳ್ಳಬೇಡಿ. ಓಮಿಯಂಥ ಸಾಧನಕ್ಕೆ ವರ್ಷಕ್ಕೆ ಸುಮಾರು 30 ಸಾವಿರ ಟನ್‌ಗಿಂತ ಕಡಿಮೆ ಗಂಧಕ ಉಗುಳುವ ಮೂಲ ಕಾಣುವುದೇ ಕಷ್ಟ, ಕಂಡರೂ ತಿಂಗಳುಗಟ್ಟಲೆ ಸರಾಸರಿ ತೆಗೆದ ಮೇಲೆ. ಅದಕ್ಕೆ ಬೇಕಿರೋದು ಚಿಮಣಿಯೊಳಗಿನ ನಿರಂತರ ಮಾಪನದ ಅಂಕಿ. ಅದು ಪ್ರತಿ ಗಂಟೆಗೊಮ್ಮೆ, ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳುವ ಹಾಗೆ ಸಿಗಬೇಕು ಅನ್ನೋದು ನನ್ನ ಅಭಿಪ್ರಾಯದಲ್ಲಿ ಎಫ್‌ಜಿಡಿ ಹೋರಾಟದಷ್ಟೇ ಮುಖ್ಯವಾದ ಬೇಡಿಕೆ. ಟ್ರೊಪೋಮಿಯ ಅಂಕಿಗಳನ್ನು ಯುರೋಪ್ ಜಗತ್ತಿಗೆಲ್ಲ ಪುಕ್ಕಟೆ ಕೊಡ್ತಿದೆ. ಬ್ರೌಸರಿನಲ್ಲಿ ಕೋಪರ್ನಿಕಸ್ ತೆರೆದು ನಿಮ್ಮ ಜಿಲ್ಲೆಯ ಮೇಲೆ ಬೆರಳಿಟ್ಟರೆ ನೆನ್ನೆ ಮಧ್ಯಾಹ್ನದ ನೈಟ್ರೋಜನ್ ಡೈಆಕ್ಸೈಡ್ ಸಿಗುತ್ತೆ. ನಮ್ಮದೇ ತೆರಿಗೆಯಲ್ಲಿ ನಡೆಯುವ ಸ್ಥಾವರದ ಚಿಮಣಿಯ ಅಂಕಿಯೂ ಅಷ್ಟೇ ಸಲೀಸಾಗಿ ಸಿಗಬೇಕಲ್ವಾ?

ಉಪಗ್ರಹ ಕೈಚೆಲ್ಲುವ ಇನ್ನೊಂದು ಉದಾಹರಣೆ ಓಝೋನಿನ ಕಡೆಯಿಂದಲೇ ಇದೆ. ಮಾಂಟ್ರಿಯಲ್ ಒಪ್ಪಂದದಲ್ಲಿ ನಿಷೇಧವಾದ ಸಿಎಫ್‌ಸಿ-11 ಗಾಳಿಯಲ್ಲಿ ಇಳಿಯಬೇಕಾದಷ್ಟು ಬೇಗ ಇಳಿಯುತ್ತಿಲ್ಲ, ಯಾರೋ ಕದ್ದುಮುಚ್ಚಿ ತಯಾರಿಸ್ತಿದ್ದಾರೆ ಅಂತ 2018ರಲ್ಲಿ ಗೊತ್ತಾಯ್ತು. ಕಂಡುಹಿಡಿದದ್ದು ನೆಲದ ಕೇಂದ್ರಗಳು. 2019ರಲ್ಲಿ ಕೊರಿಯಾದ ಗೊಸಾನ್ ಮತ್ತು ಜಪಾನಿನ ಹತೆರುಮಾ ಕೇಂದ್ರಗಳ ಗಾಳಿಯನ್ನು ವಿಶ್ಲೇಷಿಸಿ, ವರ್ಷಕ್ಕೆ ಸುಮಾರು 7,000 ಟನ್ ಹೆಚ್ಚುವರಿ ಪೂರ್ವ ಚೀನಾದಿಂದ, ಮುಖ್ಯವಾಗಿ ಶಾಂಡಾಂಗ್ ಮತ್ತು ಹೆಬೈ ಪ್ರಾಂತ್ಯಗಳ ಸುತ್ತಮುತ್ತಲಿಂದ ಬರ್ತಿದೆ ಅಂತ ಬೆರಳು ಮಾಡಿದರು. ಆಮೇಲೆ ಇಳಿಯಿತು. ಲಕ್ಷ ಕೋಟಿ ಕಣಗಳಲ್ಲಿ ಇನ್ನೂರು ಚಿಲ್ಲರೆ ಕಣ ಇರುವ ಅನಿಲದಲ್ಲಿ ಇಷ್ಟು ಸಣ್ಣ ಏರುಪೇರು, ಅದೂ ಯಾವ ಜಿಲ್ಲೆಯಿಂದ ಬಂತು ಅಂತ ಮೇಲಿಂದ ನೋಡೋದು ಈಗಿನ ಸಾಧನಗಳ ಕೈಲಾಗಲ್ಲ.

ನೆಲಮಟ್ಟದ ಓಝೋನ್ ಕೂಡ ಹಾಗೇ. ಬೇಸಿಗೆಯಲ್ಲಿ ಉಸಿರಿಗೆ ತೊಂದರೆ ಕೊಡುವ ಆ ಓಝೋನನ್ನು ಉಪಗ್ರಹ ನೇರವಾಗಿ ಅಳೆಯೋದು ತುಂಬಾ ಕಷ್ಟ, ಶೇ. 90ರಷ್ಟು ಓಝೋನ್ ಮೇಲೆ ಸ್ತರಗೋಳದಲ್ಲೇ ಅಡ್ಡ ನಿಂತಿರುತ್ತೆ. ಉಪಗ್ರಹದ ಹೆಸರು ಹಾಕಿ ಮೊಬೈಲ್ ಆ್ಯಪ್ ತೋರಿಸುವ ಓಝೋನ್ ಅಂಕಿಯ ಹಿಂದೆ ಬಹುಪಾಲು ಇರೋದು ಕಂಪ್ಯೂಟರ್ ಮಾದರಿ.

ಕಣ್ಣು ಮುಚ್ಚುತ್ತಿರುವ ಔರಾ

ಓಝೋನ್ ಪದರ ಚೇತರಿಸಿಕೊಳ್ತಿದೆ. ಅಂಟಾರ್ಕ್ಟಿಕಾ ಮೇಲೆ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಅಂತ ವಿಶ್ವಸಂಸ್ಥೆಯ 2022ರ ಮೌಲ್ಯಮಾಪನ ಅಂದಾಜಿಸಿದೆ. ಅಂದ್ರೆ ಇವತ್ತು ಇಪ್ಪತ್ತು ದಾಟಿದವರು ಅರವತ್ತು ದಾಟುವವರೆಗೂ ಯಾರಾದರೂ ಅಳೀತಾನೇ ಇರಬೇಕು. ಆದರೆ 2004ರ ಜುಲೈ 15ರಂದು ಹಾರಿದ, ಐದಾರು ವರ್ಷಕ್ಕೆ ಅಂತ ಕಟ್ಟಿದ್ದ ಔರಾ ಉಪಗ್ರಹ ಆಯಸ್ಸು ಮೀರಿ ಎರಡು ದಶಕ ದುಡಿದು ಕೊನೆಯ ಹಂತಕ್ಕೆ ಬಂದಿದೆ. 2026ರ ಅಮೆರಿಕ ಬಜೆಟ್ ಪ್ರಸ್ತಾವದಲ್ಲಿ ಟ್ರಂಪ್ ಸರ್ಕಾರ ಅದರ ಹಣವನ್ನೇ ನಿಲ್ಲಿಸಲು ಹೊರಟಿತು. ಅದರ ಮೇಲಿರುವ ಎಂಎಲ್‌ಎಸ್ ಎಂಬ ಸಾಧನ ಕೆಳಗೆ ನೋಡಲ್ಲ, ಭೂಮಿಯ ಅಂಚನ್ನು ಅಡ್ಡಡ್ಡಕ್ಕೆ ನೋಡುತ್ತೆ. ಹಾಗಾಗಿ ಲೋಟದ ಸಮಸ್ಯೆ ಅದಕ್ಕಿಲ್ಲ; ಯಾವ ಎತ್ತರದಲ್ಲಿ ಎಷ್ಟು ಓಝೋನ್, ಎಷ್ಟು ಕ್ಲೋರಿನ್, ಎಷ್ಟು ನೀರಾವಿ ಅಂತ ಪದರ ಪದರವಾಗಿ ಹೇಳುತ್ತೆ. ಅದು ಸೂಕ್ಷ್ಮತರಂಗದಲ್ಲಿ ಕೆಲಸ ಮಾಡೋದ್ರಿಂದ ಬಿಸಿಲೂ ಬೇಕಿಲ್ಲ, ಧ್ರುವದ ಕತ್ತಲಲ್ಲೂ ನಡೆಯುತ್ತೆ. 2022ರ ಜನವರಿಯಲ್ಲಿ ಟೊಂಗಾದ ಸಮುದ್ರದಡಿಯ ಜ್ವಾಲಾಮುಖಿ ಸ್ತರಗೋಳದ ನೀರಾವಿಯನ್ನು ಸುಮಾರು ಶೇ. 10ರಷ್ಟು ಹೆಚ್ಚಿಸಿತು ಅಂತ ನಮಗೆ ಗೊತ್ತಾಗಿದ್ದು ಇದೇ ಸಾಧನದಿಂದ. ಅಷ್ಟೇ ಸಾಮರ್ಥ್ಯದ ಬದಲಿ ಸಿದ್ಧವಾಗಿಲ್ಲ.

ಭಾರತದ ಪಾಲು? ನಮ್ಮ ಇನ್ಸಾಟ್-3ಡಿ ಸರಣಿ ಅವಕೆಂಪಿನಲ್ಲಿ ಒಟ್ಟು ಓಝೋನಿನ ಅಂದಾಜು ಕೊಡುತ್ತೆ. ಆದರೆ ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡನ್ನು ಟ್ರೊಪೋಮಿಯಂತೆ ದಿನಾ ನಕ್ಷೆ ಮಾಡುವ ಸ್ವಂತ ಸಾಧನ ನಮಗಿಲ್ಲ. ಕೊರಿಯಾ 2020ರಲ್ಲಿ ಜೆಮ್ಸ್ ಎಂಬ ಭೂಸ್ಥಿರ ಸಾಧನ ಕಳಿಸಿತು, ಹಗಲೆಲ್ಲ ಗಂಟೆಗೊಮ್ಮೆ ಏಷ್ಯಾವನ್ನು ನೋಡುತ್ತೆ. ಭಾರತದ ಒಂದು ಭಾಗ ಅದರ ಪಶ್ಚಿಮ ಅಂಚಿನಲ್ಲಿ ಓರೆಯಾಗಿ ಸಿಕ್ಕುತ್ತೆ. ಅಮೆರಿಕಕ್ಕೆ 2023ರಿಂದ ಟೆಂಪೋ ಇದೆ. ಯುರೋಪಿನ ಸೆಂಟಿನೆಲ್-4 2025ರ ಜುಲೈ 1ರಂದು ಹೋಯಿತು. ಅತಿ ಹೆಚ್ಚು ಗಂಧಕ ಉಗುಳುವ ದೇಶದ ಮೇಲೆ ನೆಟ್ಟಗೆ ನಿಂತು ನೋಡುವ ಇಂಥ ಕಣ್ಣು ಒಂದೂ ಇಲ್ಲ. ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದವರಿಗೆ ಇದು ಆಗದ ಕೆಲಸ ಅಂತ ನನಗೇನೂ ಅನಿಸಲ್ಲ.

ಸದ್ಯಕ್ಕೆ ಗಮನ ಇಡಬೇಕಾದ್ದು 2025ರ ಆಗಸ್ಟ್ 13ರಂದು ಹಾರಿದ ಯುರೋಪಿನ ಹೊಸ ಮೆಟಾಪ್ ಉಪಗ್ರಹದ ಮೇಲಿರುವ ಸೆಂಟಿನೆಲ್-5 ಸಾಧನದ ಮೇಲೆ. ಅದು ನಮ್ಮ ಮೇಲೆ ಹಾದುಹೋಗೋದು ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ. ಆ ಹೊತ್ತಿಗೆ ನೋಡುವ ಹಳೆಯ ಸಾಧನ ಮೊದಲೂ ಇತ್ತು, ಆದರೆ ಅದರ ಒಂದೊಂದು ಚೌಕದಲ್ಲಿ ಇಡೀ ಬೆಂಗಳೂರು ನುಂಗಿಹೋಗುತ್ತಿತ್ತು. ಹೊಸದರ ಚೌಕ 7 ಕಿಲೋಮೀಟರ್ ಆಸುಪಾಸು. ಅದರ ಅಂಕಿಗಳು ಎಲ್ಲರಿಗೂ ಸಿಗತೊಡಗಿದಾಗ ಮಧ್ಯಾಹ್ನ ಒಂದೂವರೆಯ ನಕ್ಷೆಯ ಪಕ್ಕದಲ್ಲಿ ಒಂಬತ್ತೂವರೆಯದನ್ನೂ ಇಟ್ಟು ನೋಡಿ. ಆಫೀಸಿಗೆ ಹೊರಟ ಸಿಲ್ಕ್ ಬೋರ್ಡ್ ಆಗ ಅಲ್ಲಿರುತ್ತೆ.